ಮೊದಲು ಬೆಚ್ಚಗೆ, ಆಮೇಲೆ ಹಾಲು



ಹೋದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ನೋಡಿಕೊಳ್ಳುವ ಬಗ್ಗೆ ಬರೆದಿದ್ದೆ. ಈ ಸಲ ಹಲಸಿನ ಹಣ್ಣಿನ ಕಡುಬಿನ ವಿಷಯ ಬರೆಯೋಣ ಅಂತ ಕಾಗದ, ಪೆನ್ನು ಹಿಡಿದು ಕೂತಿದ್ದೆ. ಅಷ್ಟರಲ್ಲಿ ತರೀಕೆರೆ ಕಡೆಯ ಸೋದರಿಯೊಬ್ಬರ ಪತ್ರ ಬಂತು. ಅದನ್ನು ಓದಿದ ಮೇಲೆ ಕಡುಬು ಮನಸ್ಸಿನಿಂದ ಹೊರಟೇ ಹೋಯಿತು.

"ಅಕ್ಕಾ, ನಮ್ಮ ಅಟ್ಟದ ಮೇಲೆ ಬೆಕ್ಕು ನಾಲ್ಕು ಮರಿ ಹಾಕಿತ್ತು. ಎರಡು ದಿನದಿಂದ ತಾಯಿಯ ಸುಳಿವಿಲ್ಲ. ಮರಿಗಳಿನ್ನೂ ಕಣ್ಣು ಬಿಟ್ಟಿಲ್ಲ. ಪಿಲ್ಲರಿನಲ್ಲಿ ಹಸುವಿನ ಹಾಲು ಹಾಕುತ್ತಿದ್ದೇನೆ. ನಿನ್ನೆ ಒಂದು ಮರಿ ಹೋಯಿತು. ಉಳಿದವಕ್ಕೆ ಹೊಟ್ಟೆ ಕೆಟ್ಟಿದೆ. ಅನ್ನ ನುರಿದು ಹಾಕಿದರೆ ಗಟ್ಟಿಯಾಗುತ್ತವೆಯೇ? ಯಾವಾಗಿನಿಂದ ಹಾಕಬಹುದು?" ಎಂದು ಕೇಳಿದ್ದರು.

ಪತ್ರದ ಕೊನೆಗೆ ಫೋನ್ ನಂಬರ್ ಇತ್ತು. ಪತ್ರಿಕೆ ಅವರ ಕೈಸೇರುವ ತನಕ ಕಾಯುವಂಥ ವಿಷಯವಲ್ಲ ಅಂತ ಆವತ್ತೇ ಫೋನು ಮಾಡಿ ನನಗೆ ತಿಳಿದದ್ದನ್ನು ಹೇಳಿದೆ. ಆದರೂ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಮಳೆಗಾಲ ಬಂತೆಂದರೆ ಅಟ್ಟ, ಸೌದೆ ಕೊಟ್ಟಿಗೆ, ಹಳೆ ಬಟ್ಟೆಯ ಗಂಟು ಎಲ್ಲಿ ನೋಡಿದರೂ ಮರಿಗಳ ಕೂಗು ಕೇಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಇನ್ನೊಂದು ಕಾರಣವೂ ಇದೆ. ಆ ಸೋದರಿ ಈಗ ಮಾಡಿದ ತಪ್ಪನ್ನೆಲ್ಲ ನಾನು ಹನ್ನೆರಡು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದೇನೆ.

ನಾನು ಮಾಡಿದ ತಪ್ಪು

ಆಗ ನನ್ನ ಮಗಳು ಎರಡನೇ ಕ್ಲಾಸು. ಆಷಾಢದ ಮಳೆ. ನಮ್ಮ ಸಾಗರದ ಮಳೆ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಮೂರು ಮರಿ ಕೂಗುತ್ತಿದ್ದವು. ತಾಯಿ ಒಂದು ಹಗಲು, ಒಂದು ರಾತ್ರಿ ಬರಲಿಲ್ಲ. ಮರಿಗಳನ್ನು ಎತ್ತಿದರೆ ಕೈಗೆ ತಣ್ಣಗೆ, ಒದ್ದೆ ಹಿಟ್ಟಿನ ಉಂಡೆ ಮುಟ್ಟಿದ ಹಾಗೆ ಆಯಿತು. ಪಾಪ, ಹಸಿದಿವೆ ಅಂತ ಒಳಗೆ ತಂದವಳೇ ಹಸುವಿನ ಹಾಲು ಕಾಯಿಸಿ, ಚಿಟಿಕೆ ಸಕ್ಕರೆ ಹಾಕಿ, ಮಗುವಿಗೆ ಒಳ್ಳೆ ಹಾಕುವ ಹಾಗೆ ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ಪಿಲ್ಲರಿನಿಂದ ಬಾಯಿಗೆ ಬಿಟ್ಟೆ. ಒಂದರ ಮೂಗಿನಿಂದ ಹಾಲು ಆಚೆ ಬಂತು. ಒರೆಸಿ ಮತ್ತೆ ಬಿಟ್ಟೆ. ಹೊಟ್ಟೆ ಉಬ್ಬಿತು, ತುಂಬಿತಲ್ಲ ಎಂದು ಸಮಾಧಾನಪಟ್ಟೆ.

ಮೂರು ದಿನದಲ್ಲಿ ಮೂರೂ ಹೋದವು. ಹಿತ್ತಿಲ ದಾಸವಾಳದ ಬುಡದಲ್ಲಿ ಮಣ್ಣು ಮಾಡಿ ಬಂದಾಗ ಮಗಳು ಕೇಳಿದಳು. "ಅಮ್ಮಾ, ನೀನು ಹಾಲು ಕೊಟ್ಟಿದ್ದೆಯಲ್ಲ, ಮತ್ತೆ ಯಾಕೆ ಸತ್ತುಹೋದ್ವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ದೇವರು ಕರೆಸಿಕೊಂಡ" ಅಂದೆ. ಆ ಉತ್ತರ ಅವಳಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ.

ಹೋದ ವರ್ಷ ಜುಲೈನಲ್ಲಿ ಮತ್ತೆ ಅದೇ ಪ್ರಸಂಗ ಬಂತು. ನಮ್ಮ ಬೀದಿಯ ಬೂದು ಬೆಕ್ಕು ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿತು. ಅದರ ಎರಡು ಮರಿ ನಮ್ಮ ಬಚ್ಚಲೊಲೆಯ ಹಿಂದೆ ಇದ್ದವು. "ಮುಟ್ಟಬೇಡ್ವೇ, ಸತ್ತರೆ ಆ ಪಾಪ ನಮಗೆ ಸುತ್ಕೊಳ್ತದೆ" ಎಂದರು ನಮ್ಮ ಅತ್ತೆಯವರು. ಹಳೆಯದು ನೆನಪಾಗಿ ನನಗೂ ಕೈ ಬರಲಿಲ್ಲ. ಆದರೆ ಈ ಸಲ ಹಾಲು ಕಾಯಿಸಲಿಲ್ಲ. ಮರಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ನೆಟ್ಟಗೆ ಪಶು ಆಸ್ಪತ್ರೆಗೆ ಹೋದೆ.

ಅಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮರಿಯ ಬಾಯೊಳಗೆ ಕಿರುಬೆರಳ ತುದಿ ಇಟ್ಟು ನೋಡಿದರು. "ಬಾಯಿ ತಣ್ಣಗಿದೆ. ಈಗ ಒಂದು ಹನಿ ಹಾಲೂ ಬೇಡ. ಮೊದಲು ಬೆಚ್ಚಗಾಗಲಿ" ಎಂದರು. ನನ್ನ ಮಗಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ತಾಯಿ ನಿಜವಾಗಿ ಇಲ್ಲವೇ?

ಮರಿ ಕಂಡ ಕೂಡಲೇ ಎತ್ತಿಕೊಂಡು ಬರಬೇಡಿ. ತಾಯಿಬೆಕ್ಕು ಇಲಿ ಹುಡುಕಲು ಹೋಗಿರಬಹುದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದು ಜಾಗ ಬದಲಾಯಿಸುತ್ತಾ ಒಂದೊಂದನ್ನೇ ಒಯ್ಯುವಾಗ ಉಳಿದವು ಸ್ವಲ್ಪ ಹೊತ್ತು ಒಂಟಿಯಾಗಿರುತ್ತವೆ. ಮರಿಗಳು ಒಂದರ ಮೇಲೊಂದು ಬಿದ್ದು, ದುಂಡಗೆ, ಸದ್ದಿಲ್ಲದೆ ಮಲಗಿದ್ದರೆ ತಾಯಿ ಬಂದುಹೋಗುತ್ತಿದೆ ಎಂದೇ ಅರ್ಥ. ದೂರ ನಿಂತು ಕೆಲವು ಗಂಟೆ ಕಾದು ನೋಡಿ. ನಾವು ಹತ್ತಿರ ನಿಂತಿದ್ದರೆ ಅದು ಬರುವುದಿಲ್ಲ. ಬಿಡದೆ ಕೂಗುತ್ತಿದ್ದರೆ, ಮುಟ್ಟಿದರೆ ತಣ್ಣಗಿದ್ದರೆ, ಇರುವೆ ಮುತ್ತಿದ್ದರೆ ಮಾತ್ರ ಕಾಯಬೇಡಿ.

ಮನುಷ್ಯರ ಕೈ ತಾಗಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ, ತಿಂದೇಬಿಡುತ್ತದೆ ಎಂಬ ಮಾತಿದೆ. ಒಂದು ಸಲ ಮುಟ್ಟಿದ ಮಾತ್ರಕ್ಕೆ ಹಾಗೇನೂ ಆಗುವುದಿಲ್ಲವಂತೆ. ಆದರೆ ಗಳಿಗೆಗೊಮ್ಮೆ ಹೋಗಿ ಎತ್ತಿ ಆಡಿಸಿದರೆ ಹೆದರಿ ಬೇರೆ ಕಡೆ ಒಯ್ಯುತ್ತದೆ. ಮನೆಯ ಮಕ್ಕಳಿಗೆ ಇದನ್ನು ಹೇಳಿಡಿ.

ತಾಯಿ ಇಲ್ಲವೆಂದು ಖಾತ್ರಿಯಾದರೆ ಸುತ್ತಮುತ್ತ ಯಾರ ಮನೆಯಲ್ಲಾದರೂ ಅದೇ ವಯಸ್ಸಿನ ಮರಿಗಳಿರುವ ಬಾಣಂತಿ ಬೆಕ್ಕು ಇದೆಯೇ ಎಂದು ವಿಚಾರಿಸಿ. ಎಷ್ಟೋ ಬೆಕ್ಕುಗಳು ಬೇರೆಯ ಮರಿಗೂ ಮೊಲೆ ಕೊಡುತ್ತವೆ. ಅದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ನಾವೂ ನಾಲ್ಕು ಬೀದಿ ಕೇಳಿ ಬಂದೆವು, ಸಿಗಲಿಲ್ಲ.

ಮೊದಲು ಬೆಚ್ಚಗೆ

ಹುಟ್ಟಿದ ಹೊಸದರಲ್ಲಿ ಮರಿಗೆ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯ ಹೊಟ್ಟೆಯೇ ಅದಕ್ಕೆ ಕಂಬಳಿ. ಮೈ ತಣ್ಣಗಾದರೆ ಕರುಳಿನ ಕೆಲಸವೂ ನಿಲ್ಲುತ್ತದೆ. ಆಗ ಹಾಕಿದ ಹಾಲು ಅರಗುವುದಿಲ್ಲ, ಹೊಟ್ಟೆಯಲ್ಲೇ ನಿಂತು ಕೆಡುತ್ತದೆ. ಅದಕ್ಕೇ ತಣ್ಣಗಿರುವ ಮರಿಗೆ ಹಾಲು ಕೊಡಬಾರದು.

ಬೆಚ್ಚಗೆ ಮಾಡುವುದೂ ನಿಧಾನವಾಗಿ ಆಗಬೇಕು. ಒಲೆಯ ಮುಂದೆ ಹಿಡಿಯಬೇಡಿ, ಬಿಸಿನೀರಿನಲ್ಲಿ ಅದ್ದಬೇಡಿ. ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದುಕೊಂಡರೆ ನಮ್ಮ ಮೈಯ ಶಾಖವೇ ಸಾಕು. ನಾನು ಸೆರಗಿನೊಳಗೆ ಎರಡನ್ನೂ ಇಟ್ಟುಕೊಂಡು ಒಂದು ಗಂಟೆ ಕೂತಿದ್ದೆ. ಆಮೇಲೆ ಅವು ಅಲುಗಾಡಲು ಶುರುಮಾಡಿದವು.

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ತಳಕ್ಕೆ ಹಳೆಯ ನೂಲಿನ ಸೀರೆಯನ್ನು ಮಡಿಚಿ ಹಾಕಿ. ಬಿಸಿನೀರಿನ ಚೀಲವನ್ನೋ ಬಾಟಲಿಯನ್ನೋ ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಅರ್ಧದಲ್ಲಿ ಮಾತ್ರ ಇಡಿ. ಸೆಕೆಯಾದರೆ ಮರಿ ತೆವಳಿಕೊಂಡು ಇನ್ನೊಂದು ಅರ್ಧಕ್ಕೆ ಹೋಗುವಂತಿರಬೇಕು. ಬರೀ ಬಾಟಲಿ ತಾಗಿದರೆ ಮೈ ಸುಡುತ್ತದೆ. ಮೊದಲ ವಾರ ಪೆಟ್ಟಿಗೆಯೊಳಗೆ ಸುಮಾರು 30ರಿಂದ 32 ಡಿಗ್ರಿ ಶಾಖ ಇರಬೇಕು, ಆಮೇಲೆ ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬಹುದು. ನಮ್ಮ ಕಡೆ ಮಳೆಗೆ ಕರೆಂಟು ಹೋಗುವುದು ಮಾಮೂಲು, ಹಾಗಾಗಿ ನಾನು ನೀರಿನ ಬಾಟಲಿಯನ್ನೇ ನಂಬಿದೆ. ಪ್ರತಿ ಸಲ ಹಾಲು ಕೊಡುವಾಗ ಬಾಟಲಿಯ ನೀರನ್ನೂ ಬದಲಾಯಿಸುವುದು ರೂಢಿಯಾಯಿತು.

ಹಸುವಿನ ಹಾಲು ಯಾಕೆ ಬೇಡ?

ಹಾಲು ಕಂಡರೆ ಓಡಿಹೋಗುವ ಬೆಕ್ಕು ತೆನಾಲಿ ರಾಮಕೃಷ್ಣನ ಮನೆಯಲ್ಲಿ ಮಾತ್ರ ಇತ್ತು ಎಂದು ಕತೆ ಕೇಳಿ ಬೆಳೆದವರು ನಾವು. ಬೆಕ್ಕಿಗೆ ಹಾಲು ಇಷ್ಟ ನಿಜ, ಆದರೆ ಇಷ್ಟವಾದದ್ದೆಲ್ಲ ಹಿತವಲ್ಲ. ಹಸುವಿನ ಹಾಲು ಕರುವಿಗೆ ಅಂತ ಆದದ್ದು. ಅದರಲ್ಲಿರುವ ಸಸಾರಜನಕ ಬೆಕ್ಕಿನ ಹಾಲಿನಲ್ಲಿರುವುದರ ಅರ್ಧದಷ್ಟೂ ಇಲ್ಲ. ಹಾಲಿನ ಸಕ್ಕರೆ ಮಾತ್ರ ಹೆಚ್ಚು. ಆ ಸಕ್ಕರೆ ಅರಗದೆ ಮರಿಗೆ ಭೇದಿ ಹತ್ತುತ್ತದೆ. ಅಂಗೈಯಷ್ಟು ದೇಹದಲ್ಲಿ ನೀರು ಎಷ್ಟಿದ್ದೀತು? ಒಂದೆರಡು ದಿನದ ಭೇದಿಗೇ ಅದು ಸೋತುಹೋಗುತ್ತದೆ. ನಾನು ಸಾಲದ್ದಕ್ಕೆ ಮೇಲೆ ಸಕ್ಕರೆಯನ್ನೂ ಹಾಕಿದ್ದೆ!

ಈಗ ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ ಸಿಗುತ್ತದೆ. ನಮ್ಮ ಯಜಮಾನರು ಶಿವಮೊಗ್ಗಕ್ಕೆ ಹೋದವರು ಸಾಕುಪ್ರಾಣಿಗಳ ಅಂಗಡಿಯಿಂದ ತಂದುಕೊಟ್ಟರು. ಬೆಲೆ ಸ್ವಲ್ಪ ಹೆಚ್ಚೇ. ಆದರೆ ಎರಡು ಮರಿಗೆ ಬೇಕಾಗುವುದು ಎಷ್ಟು? ನಮ್ಮ ಮಕ್ಕಳಿಗೆ ಕೊಡುವ ಡಬ್ಬಿ ಹಾಲಿನ ಪುಡಿ ಇದಕ್ಕೆ ಬದಲಿಯಲ್ಲ. ಪುಡಿ ಬರುವ ತನಕ ಏನು ಮಾಡಬೇಕೆಂದು ಪಶುವೈದ್ಯರನ್ನು ಫೋನಿನಲ್ಲಾದರೂ ಕೇಳಿ, ನಿಮ್ಮ ಊಹೆಯ ಮೇಲೆ ಹೋಗಬೇಡಿ.

ಹಾಲು ಕೊಡುವ ಕ್ರಮ

ಮರಿಯನ್ನು ಎಂದೂ ಅಂಗಾತ ಮಲಗಿಸಬೇಡಿ. ತಾಯಿಯ ಹತ್ತಿರ ಅದು ಹೊಟ್ಟೆ ಕೆಳಗೆ ಮಾಡಿ, ಮುಂಗಾಲು ಊರಿ, ತಲೆ ಸ್ವಲ್ಪ ಎತ್ತಿ ಕುಡಿಯುತ್ತದೆ. ಹಾಗೆಯೇ ಟವೆಲಿನ ಮೇಲೆ ಕೂರಿಸಿ ಕುಡಿಸಬೇಕು. ಅಂಗಾತ ಮಾಡಿದರೆ ಹಾಲು ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ.

ಮರಿಗೆಂದು ಸಿಗುವ ಪುಟ್ಟ ನಿಪ್ಪಲ್ ಬಾಟಲಿ ಒಳ್ಳೆಯದು. ಇಲ್ಲವಾದರೆ ಸೂಜಿ ತೆಗೆದ ಹೊಸ ಸಿರಿಂಜಿನಿಂದ ಹನಿ ಹನಿಯಾಗಿ, ಅದು ನುಂಗಿದ ಮೇಲೆ ಇನ್ನೊಂದು ಹನಿ ಎಂಬಂತೆ ಬಿಡಬೇಕು. ಹಾಲು ಮುಂಗೈಗೆ ಬಿಟ್ಟುಕೊಂಡರೆ ಉಗುರುಬೆಚ್ಚಗಿರಬೇಕು. ಕಲಸಿದ ಹಾಲು ಉಳಿದರೆ ಚೆಲ್ಲಿಬಿಡಿ, ಮತ್ತೆ ಕಾಯಿಸಿ ಕೊಡಬೇಡಿ. ಬಾಟಲಿ, ನಿಪ್ಪಲ್ ಪ್ರತಿ ಸಲವೂ ಕುದಿಯುವ ನೀರು ಕಾಣಬೇಕು.

ಎಷ್ಟು ಕೊಡಬೇಕು? ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ. ಚಿಕ್ಕ ಮರಿಯ ಹೊಟ್ಟೆಯಲ್ಲಿ 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ. ಹಿಡಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ನಮ್ಮ ದೊಡ್ಡ ಮರಿ 130 ಗ್ರಾಂ, ಚಿಕ್ಕದು 105 ಗ್ರಾಂ ಇದ್ದವು. ದೊಡ್ಡದಕ್ಕೆ 5 ಮಿ.ಲೀ., ಅಂದರೆ ಒಂದು ಟೀ ಚಮಚ! ನಾನು ಹಿಂದೆ ಪಿಲ್ಲರ್ ತುಂಬಿ ತುಂಬಿ ಬಿಟ್ಟದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸ್ವಲ್ಪ ಕೊಡಬೇಕು, ಮತ್ತೆ ಮತ್ತೆ ಕೊಡಬೇಕು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ, ಎರಡನೆಯ ವಾರ ಮೂರು ನಾಲ್ಕು ಗಂಟೆಗೊಮ್ಮೆ, ಮೂರನೆಯ ವಾರ ನಾಲ್ಕು ಐದು ಗಂಟೆಗೊಮ್ಮೆ. ರಾತ್ರಿ ಕೂಡ ಏಳಲೇಬೇಕು, ಬಾಣಂತನದಲ್ಲಿ ಎದ್ದ ಹಾಗೆ.

ಕುಡಿಸಿದ ಮೇಲೆ ಇನ್ನೊಂದು ಕೆಲಸವಿದೆ, ಇದು ನನಗೆ ಗೊತ್ತೇ ಇರಲಿಲ್ಲ. ಸುಮಾರು ಮೂರು ವಾರದ ತನಕ ಮರಿಗೆ ತಾನಾಗಿ ಒಂದು, ಎರಡು ಮಾಡಲು ಬರುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ. ನಾವು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಹಿಂಡಿ ಬಾಲದ ಕೆಳಗೆ ಮೃದುವಾಗಿ ಒರೆಸಬೇಕು. ಪ್ರತಿ ಸಲ ಹಾಲು ಕೊಟ್ಟಾಗಲೂ ಇದು ತಪ್ಪಬಾರದು. ಸ್ನಾನ ಮಾತ್ರ ಮಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಿ.

ದಿನಕ್ಕೊಂದು ಸಲ, ಅದೇ ಹೊತ್ತಿಗೆ, ಅಡಿಗೆಮನೆಯ ಪುಟ್ಟ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು ತೂಗಿ. ನಾನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮರಿಗಳ ಲೆಕ್ಕವನ್ನೂ ಬರೆದೆ. ದಿನಕ್ಕೆ 10ರಿಂದ 15 ಗ್ರಾಂ ಏರುತ್ತಿದ್ದರೆ ಮರಿ ಸರಿಯಾಗಿದೆ ಎಂದರ್ಥ. ಏರದೆ ನಿಂತರೆ, ಇಳಿದರೆ, ಮೊಲೆ ಚೀಪಲು ಒಲ್ಲೆನೆಂದರೆ ನಾಳೆ ನೋಡೋಣ ಎನ್ನದೆ ಡಾಕ್ಟರ ಹತ್ತಿರ ಒಯ್ಯಿರಿ.

ಹಾಲು ಬಿಡಿಸುವುದು ಯಾವಾಗ?

ತರೀಕೆರೆಯ ಸೋದರಿ ಕೇಳಿದ ಮುಖ್ಯ ಪ್ರಶ್ನೆ ಇದೇ. ಮರಿ ಸೊರಗಿದೆ, ಅನ್ನ ಹಾಕಿದರೆ ಗಟ್ಟಿಯಾದೀತು ಎಂಬ ಆಸೆ ನಮಗೆಲ್ಲ ಇರುತ್ತದೆ. ಕಣ್ಣು ಬಿಡದ ಮರಿಗೆ ಅನ್ನವೂ ವಿಷವೇ. ಹಲ್ಲಿಲ್ಲ, ಅರಗಿಸುವ ಶಕ್ತಿ ಇಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವಸರ ಮಾಡಬೇಡಿ. ಹೊತ್ತು ಬಂದಾಗ ಮರಿಯೇ ಹೇಳುತ್ತದೆ.

ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೈ ನೋಡಿ ವಯಸ್ಸು ಅಂದಾಜು ಮಾಡಬಹುದು. ಹೊಕ್ಕುಳಬಳ್ಳಿ ಇನ್ನೂ ಒಣಗಿ ಅಂಟಿಕೊಂಡಿದ್ದರೆ ಹುಟ್ಟಿ ನಾಲ್ಕೈದು ದಿನ ಕೂಡ ಆಗಿಲ್ಲ. 7ರಿಂದ 14 ದಿನದೊಳಗೆ ಕಣ್ಣು ಬಿಡುತ್ತದೆ. ನಾವು ಬಿಡಿಸಬಾರದು, ಕೀವು ಕಂಡರೆ ಡಾಕ್ಟರಿಗೆ ತೋರಿಸಬೇಕು. ಮೂರನೆಯ ವಾರಕ್ಕೆ ಕಿವಿ ನಿಮಿರುತ್ತದೆ, ಮುಂದಿನ ಪುಟ್ಟ ಹಲ್ಲು ಬೆರಳಿಗೆ ಸಿಗುತ್ತವೆ, ತೂರಾಡುತ್ತಾ ನಡೆಯಲು ತೊಡಗುತ್ತದೆ. ಆಮೇಲೆ ಕೋರೆಹಲ್ಲು ಬರುತ್ತವೆ.

ನಾಲ್ಕು ವಾರದ ಹೊತ್ತಿಗೆ ಈ ಗುರುತುಗಳನ್ನು ನೋಡಿ. ನಿಂತು ಬೀಳದೆ ನಡೆಯುತ್ತದೆಯೇ? ನಿಪ್ಪಲನ್ನು ಚೀಪುವ ಬದಲು ಕಚ್ಚಿ ಎಳೆಯುತ್ತದೆಯೇ? ಬೆರಳಿಗೆ ಹಚ್ಚಿದ ಹಾಲನ್ನು ನಾಲಗೆ ಚಾಚಿ ನೆಕ್ಕುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ತಟ್ಟೆ ಇಡುವ ಕಾಲ ಬಂತು. ಇಲ್ಲವಾದರೆ ಇನ್ನೂ ನಾಲ್ಕು ದಿನ ಬಾಟಲಿಯೇ ಇರಲಿ, ನಷ್ಟವೇನಿಲ್ಲ. ತಾಯಿ ಇರುವ ಮರಿಗಳಾದರೆ ನಮಗೆ ಇಷ್ಟು ಕಷ್ಟವೂ ಇಲ್ಲ. ಹಲ್ಲು ಚುಚ್ಚತೊಡಗಿದಾಗ ತಾಯಿಯೇ ಎದ್ದು ದೂರ ಹೋಗಿ ಕೂರುತ್ತದೆ. ನಾವು ತಟ್ಟೆ ಇಟ್ಟರೆ ಸಾಕು, ಮರಿಗಳನ್ನು ಕಿತ್ತು ಬೇರೆ ಮಾಡಬಾರದು.

ಮರಿಯ ಮೊದಲ ಊಟ

ನಮ್ಮ ಪುಟದಲ್ಲಿ ಅಡಿಗೆ ಇಲ್ಲದಿದ್ದರೆ ನಿಮಗೆ ಸಮಾಧಾನವಿಲ್ಲ, ಹಾಗಾಗಿ ಇದನ್ನೂ ಬರೆಯುತ್ತೇನೆ.

ಮೊದಲ ನಾಲ್ಕೈದು ದಿನ: ಬೆಕ್ಕಿನ ಮರಿಗೆಂದೇ ಬರುವ ಆಹಾರವನ್ನು ಎರಡು ಚಮಚ ತೆಗೆದುಕೊಂಡು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಿ, ಮರಿಗೆ ಕೊಡುತ್ತಿದ್ದ ಅದೇ ಹಾಲು ಸೇರಿಸಿ, ಅಂಬಲಿಯ ಹದಕ್ಕೆ ಗಂಟಿಲ್ಲದಂತೆ ಹಿಸುಕಿ. ಉಗುರುಬೆಚ್ಚಗೆ ಚಪ್ಪಟೆ ತಟ್ಟೆಯಲ್ಲಿ ಇಡಿ. ಬೆರಳ ತುದಿಗೆ ಹಚ್ಚಿ ನೆಕ್ಕಿಸಿ, ಬೆರಳನ್ನು ಹಾಗೇ ತಟ್ಟೆಯ ಕಡೆಗೆ ಇಳಿಸಿ. ಮೂತಿ ಹಿಡಿದು ತಟ್ಟೆಗೆ ಅದ್ದಬೇಡಿ, ಮೂಗಿಗೆ ಹೋಗುತ್ತದೆ.

ಐದನೆಯ ವಾರ: ಹಾಲು ಕಡಿಮೆ ಮಾಡಿ ಇಡ್ಲಿ ಹಿಟ್ಟಿನ ಹದ. ಆರನೆಯ ವಾರ: ಉಪ್ಪಿಟ್ಟಿನ ಹದ. ಏಳು ಎಂಟನೆಯ ವಾರಕ್ಕೆ ಬಾಟಲಿ ಪೂರ್ತಿ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಪಕ್ಕದಲ್ಲಿ ಆಳವಿಲ್ಲದ ಬಟ್ಟಲಲ್ಲಿ ನೀರು ಇರಲೇಬೇಕು. ನಡುವೆ ಹೊಟ್ಟೆ ಕೆಟ್ಟರೆ ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಅಂಬಲಿಯ ಹದಕ್ಕೆ ಬನ್ನಿ. ಆದರೂ ನಿಲ್ಲದಿದ್ದರೆ ಡಾಕ್ಟರು. ಮಾಂಸಾಹಾರದ ಮನೆಯವರು ಮೆತ್ತಗೆ ಬೇಯಿಸಿದ ಕೋಳಿಯನ್ನು ಎಳೆ ಎಳೆ ಬಿಡಿಸಿ ಜೊತೆಗೆ ಕೊಡಬಹುದು. ಉಪ್ಪು, ಖಾರ, ಮಸಾಲೆ, ಮೂಳೆ ಕೂಡದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ, ಸಾರಿನ ಅನ್ನ ಹಾಕುವವರು ನೆನಪಿಡಿ.

ಇದೇ ಹೊತ್ತಿಗೆ ಒಂದು ಹಳೆಯ ಟ್ರೇಯಲ್ಲಿ ಮರಳು ತುಂಬಿಟ್ಟು ಊಟವಾದ ಮೇಲೆ ಅದರಲ್ಲಿ ಬಿಡಿ. ಎರಡೇ ದಿನಕ್ಕೆ ಕಲಿಯುತ್ತವೆ. ಈ ವಿಷಯದಲ್ಲಿ ನಮ್ಮ ಮಕ್ಕಳಿಗಿಂತ ವಾಸಿ!

ಮೊಸರನ್ನದ ಮನೆಯಲ್ಲಿ

ನಮ್ಮದು ಮೊಟ್ಟೆ ಕೂಡ ಒಳಗೆ ಬಾರದ ಮನೆ. ನಿಮ್ಮಲ್ಲಿ ಎಷ್ಟೋ ಜನರ ಮನೆಯೂ ಹಾಗೇ ಇರುತ್ತದೆ. "ನಮ್ಮ ಬೆಕ್ಕು ಮೊಸರನ್ನವನ್ನೇ ತಿಂದು ಬೆಳೆದಿತ್ತಲ್ಲ" ಎಂದು ನಾನೂ ಡಾಕ್ಟರಮ್ಮನ ಹತ್ತಿರ ವಾದ ಮಾಡಿದೆ. ಅವರು ನಕ್ಕು, "ಮೊಸರನ್ನ ನಿಮ್ಮ ಕಣ್ಣಿಗೆ ಕಂಡದ್ದು. ಹಿತ್ತಿಲಲ್ಲಿ ಹಿಡಿದ ಇಲಿ, ಹಲ್ಲಿ ನಿಮಗೆ ಕಂಡಿಲ್ಲ" ಎಂದರು.

ಬೆಕ್ಕಿನ ದೇಹಕ್ಕೆ ಟೌರಿನ್ ಎಂಬ ಒಂದು ಅಂಶ ಬೇಕೇ ಬೇಕು. ತನಗೆ ಬೇಕಾದಷ್ಟನ್ನು ಅದು ತಾನೇ ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಅನ್ನ, ಬೇಳೆಯಲ್ಲಿ ಇಲ್ಲ. ಅದು ಕಡಿಮೆಯಾದರೆ ಬೆಕ್ಕಿನ ಕಣ್ಣು ಹಾಳಾಗುತ್ತದೆ ಎಂದು 1975ರಲ್ಲಿ, ಹೃದಯವೂ ಸೋಲುತ್ತದೆ ಎಂದು 1987ರಲ್ಲಿ ವಿಜ್ಞಾನಿಗಳು ಕಂಡುಹಿಡಿದರಂತೆ. ಅಂಗಡಿಯ ಬೆಕ್ಕಿನ ಆಹಾರದಲ್ಲಿ ಅದನ್ನು ಸೇರಿಸಿರುತ್ತಾರೆ. ಮನೆಯಲ್ಲಿ ಕೂಡಿಹಾಕಿ ಬರೀ ಮೊಸರನ್ನ ಹಾಕಿ ಸಾಕುವುದು ನಮ್ಮ ಧರ್ಮವಿರಬಹುದು, ಬೆಕ್ಕಿನದಲ್ಲ.

ಈ ಮಾತನ್ನು ಅತ್ತೆಯವರಿಗೆ ಹೇಳುವುದು ಹೇಗೆ? ಎರಡು ದಿನ ಹೆದರಿಕೊಂಡೇ ಇದ್ದೆ. ಕೊನೆಗೆ ಹೇಳಿದೆ. ಅವರು ಹೂಬತ್ತಿ ಹೊಸೆಯುತ್ತಾ ಸುಮ್ಮನೆ ಕೇಳಿ, "ಹುಲಿ ಹುಲ್ಲು ತಿನ್ತದೇನೆ? ಅದರ ಜಾತಿ ಅದಕ್ಕೆ. ಹಿತ್ತಿಲ ಜಗಲಿ ಮೇಲೆ ಹಾಕು, ಬೇರೆ ತಟ್ಟೆ ಇಟ್ಕೋ, ಒಳಗೆ ತರಬೇಡ" ಎಂದರು. ಅಷ್ಟೇ. ನಾವು ಹಿರಿಯರಿಗೆ ಹೆದರುವಷ್ಟು ಅವರನ್ನು ಕೇಳಿ ನೋಡುವುದಿಲ್ಲ, ಅಲ್ಲವೇ?

ಇವಿಷ್ಟು ನೆನಪಿರಲಿ

ಫಿನಾಯಿಲಿನಿಂದ ನೆಲ ಒರೆಸಿದ ಜಾಗದಲ್ಲಿ ಬೆಕ್ಕನ್ನಾಗಲಿ ಮರಿಯನ್ನಾಗಲಿ ಬಿಡಬೇಡಿ. ಕಾಲಿಗೆ ಅಂಟಿದ್ದನ್ನು ನೆಕ್ಕಿದರೆ ವಿಷ. ನುಸಿಗುಳಿಗೆ ಹಾಕಿದ ಬಟ್ಟೆಯನ್ನು ಹಾಸಬೇಡಿ.

ಮೈ ಬಿಸಿಯಾಗಿದೆ ಅಂತ ನಮ್ಮ ಜ್ವರದ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್ ಒಂದು ಚೂರೂ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆ ಹಾಕುವ ಚಿಗಟದ ಔಷಧಿಯೂ ಬೇಡ.

ಹೊಲಿಗೆಯ ದಾರ, ಸೂಜಿ, ರಬ್ಬರ್ ಬ್ಯಾಂಡು ನೆಲದ ಮೇಲೆ ಬಿಡಬೇಡಿ. ಆಟಕ್ಕೆ ಎಳೆದು ನುಂಗಿಬಿಡುತ್ತವೆ.

ಮರಿಯಾದರೂ ಕಚ್ಚಿದರೆ, ಪರಚಿ ರಕ್ತ ಬಂದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬಿಸ್ ಬಂದಮೇಲೆ ಮದ್ದಿಲ್ಲ.

ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಬೆಕ್ಕಿನ ಮರಳು ತೆಗೆಯುವ ಕೆಲಸ ಬೇರೆಯವರು ಮಾಡಲಿ. ಅಷ್ಟಕ್ಕೇ ಬೆಕ್ಕನ್ನು ಓಡಿಸಬೇಕಾಗಿಲ್ಲ.

ಜಂತುಹುಳುವಿನ ಔಷಧಿ ಎರಡು ವಾರದ ಮರಿಗೇ ಶುರುವಾಗುತ್ತದೆ. ಆರರಿಂದ ಎಂಟು ವಾರದೊಳಗೆ ಮೊದಲ ಚುಚ್ಚುಮದ್ದು, ಸುಮಾರು ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು. ಯಾವುದು, ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಯಾರಿಗಾದರೂ ಮರಿ ಕೊಡುವುದಿದ್ದರೆ ಎಂಟು ವಾರ ತುಂಬಿದ ಮೇಲೆ ಕೊಡಿ. ಮುದ್ದಾಗಿದೆ ಅಂತ ನಾಲ್ಕೈದು ವಾರಕ್ಕೇ ಎತ್ತಿಕೊಂಡು ಹೋಗುವವರಿಗೆ ಕೊಡಬೇಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗರ್ಭ ಕಟ್ಟಬಹುದು, ಮರಿಗೆ ಹಾಲು ಕೊಡುತ್ತಿರುವಾಗಲೂ ಕಟ್ಟಬಹುದು, ಎರಡು ತಿಂಗಳಿಗೆ ಮತ್ತೆ ಹೆರಿಗೆ. ಆಪರೇಷನ್ ಮಾಡಿಸಿದರೆ ಪಾಪವಲ್ಲ. ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುವುದು ಪಾಪ.

ಮಗಳಿಗೆ ಕೊಟ್ಟ ಉತ್ತರ

ನಮ್ಮ ಎರಡು ಮರಿಗಳ ಕತೆ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ದೊಡ್ಡದು ದಿನಕ್ಕೆ 12, 14 ಗ್ರಾಂ ಏರುತ್ತಾ ಹೋಯಿತು. ಚಿಕ್ಕದು ಏರಿತು, ನಿಂತಿತು, ಮತ್ತೆ ಸ್ವಲ್ಪ ಏರಿತು. ಎರಡು ಸಲ ಆಸ್ಪತ್ರೆಗೆ ಒಯ್ದೆ. ಒಂದು ರಾತ್ರಿ ಮೂರು ಗಂಟೆಗೆ ಎದ್ದು ಅಡಿಗೆಮನೆಗೆ ಬಂದರೆ ದೀಪ ಉರಿಯುತ್ತಿತ್ತು. "ಮುಟ್ಟಬೇಡ್ವೇ" ಎಂದಿದ್ದ ಅತ್ತೆಯವರು ನೀರು ಕಾಯಿಸಿ ಬಾಟಲಿ ತುಂಬುತ್ತಿದ್ದರು. "ನಿದ್ದೆ ಬರ್ಲಿಲ್ಲ, ಹೇಗೂ ಎದ್ದಿದ್ನಲ್ಲ" ಎಂದರು. ನಾನು ಏನೂ ಹೇಳಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಚಿಕ್ಕದು ಹೋಯಿತು. ತೂಕ ಕಡಿಮೆ ಇದ್ದು ಹುಟ್ಟಿದ ಮರಿಗಳಲ್ಲಿ ಕೆಲವು ಎಷ್ಟು ಮಾಡಿದರೂ ಉಳಿಯುವುದಿಲ್ಲ, ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ ಎಂದು ಡಾಕ್ಟರಮ್ಮ ಹೇಳಿದರು. ಅದೇ ದಾಸವಾಳದ ಬುಡಕ್ಕೆ ಒಯ್ದೆವು.

ಮಗಳು ಈಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಾಳೆ. ಸಂಜೆ ಫೋನು ಮಾಡಿದವಳು ಸುದ್ದಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಳೆಯದು ಅವಳಿಗೆ ಮರೆತಿರಬಹುದು, ನನಗೆ ಮರೆತಿರಲಿಲ್ಲ. "ಆವತ್ತು ನೀನು ಒಂದು ಪ್ರಶ್ನೆ ಕೇಳಿದ್ದೆ" ಎಂದು ಶುರುಮಾಡಿ ಎಲ್ಲ ಹೇಳಿದೆ. ಮರಿ ತಣ್ಣಗಿತ್ತು, ನಾನು ಬೆಚ್ಚಗೆ ಮಾಡಲಿಲ್ಲ. ಕರುವಿನ ಹಾಲು ಕೊಟ್ಟೆ. ಅಂಗಾತ ಮಲಗಿಸಿದೆ. ಗೊತ್ತಿರಲಿಲ್ಲ ಮಗಾ. ಈ ಸಲ ಗೊತ್ತಿದ್ದೂ ಒಂದು ಹೋಯಿತು, ಆದರೆ ಒಂದು ಉಳಿದಿದೆ. ಅವಳು, "ಅಮ್ಮಾ, ಉಳಿದದ್ದಕ್ಕೆ ಹಾಲು ಕೊಡೋ ಹೊತ್ತಾಯ್ತು ನೋಡು, ಫೋನಿಡು" ಎಂದಳು.

ಆ ಉಳಿದದ್ದಕ್ಕೆ ಹಣೆಯ ಮೇಲೆ ಬಿಳಿ ಚುಕ್ಕಿ ಇದೆ, ಅದೇ ಹೆಸರು. ಈಗ ಒಂದು ವರ್ಷ. ಆಪರೇಷನ್ನೂ ಆಗಿದೆ. ಊಟ ಹಿತ್ತಿಲ ಜಗಲಿಯಲ್ಲಿ, ನಿದ್ದೆ ಅತ್ತೆಯವರ ಮಂಚದ ಕೆಳಗೆ.

ತರೀಕೆರೆಯ ಸೋದರಿ ಮೊನ್ನೆ ಫೋನು ಮಾಡಿದ್ದರು. ಮೂರರಲ್ಲಿ ಎರಡು ಮರಿ ಕಣ್ಣು ಬಿಟ್ಟಿವೆಯಂತೆ. ಅನ್ನದ ಮಾತು ಅವರು ಮತ್ತೆ ಎತ್ತಲಿಲ್ಲ.

ಹಲಸಿನ ಕಡುಬನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯ ತನಕ ಅಟ್ಟದ ಮೇಲೆ ಏನಾದರೂ ಕೂಗಿದರೆ ಮೊದಲು ಬಿಸಿನೀರು ಕಾಯಿಸಿ, ಹಾಲಲ್ಲ.